ಸಬ್ರ್ ಅಂದ್ರೆ ಸುಮ್ನಿರೋದಲ್ಲ: ಮಕ್ಕಳಿಗೆ ಕಲಿಕೆಯಲ್ಲಿ ತಾಳ್ಮೆ ಕಲಿಸುವುದು ಹೇಗೆ

ಮಗ್ರಿಬ್ (ಸೂರ್ಯಾಸ್ತದ ನಮಾಜ್) ಆಗಿತ್ತು. ಮೂರನೇ ಕ್ಲಾಸಿನ ಮಗಳು ಅಡುಗೆಮನೆ ಬಾಗಿಲ ಹತ್ತಿರ ಚಾಪೆ ಹಾಕಿಕೊಂಡು ಏಳರ ಮಗ್ಗಿ ಹೇಳುತ್ತಿದ್ದಳು, ನಾನು ಬಂಗುಡೆ ಹುರಿಯುತ್ತಿದ್ದೆ. ಏಳೇಳ್ಲ ನಲವತ್ತೊಂಬತ್ತರವರೆಗೆ ಸಲೀಸು. ಏಳೆಂಟ್ಲ ಬಂದ ಕೂಡಲೇ ಐವತ್ತನಾಲ್ಕು. ತಿದ್ದಿದೆ. ಮತ್ತೆ ಐವತ್ತನಾಲ್ಕು. ಆರನೇ ಸಲ ಅವಳು ಪುಸ್ತಕ ಮುಚ್ಚಿ "ನನಗೆ ಬರಲ್ಲ" ಅಂದಳು. ನಾನು ಸೌಟು ಹಿಡಿದುಕೊಂಡೇ "ಸ್ವಲ್ಪವಾದ್ರೂ ಸಬ್ರ್ ಇದೆಯಾ ನಿನಗೆ?" ಅಂತ ಕಿರುಚಿದೆ. ಒಳಗೆ ತಸ್ಬೀಹ್ (ಜಪಮಾಲೆ) ಹಿಡಿದು ಕೂತಿದ್ದ ಅತ್ತೆ ಮೆಲ್ಲಗೆ ಕೇಳಿದರು, "ಯಾರಿಗಿಲ್ಲ ಅಂತ ಹೇಳ್ತಿದ್ದೀ?"

ಅದಾಗಿ ಒಂದೂವರೆ ವರ್ಷವಾಯಿತು. ಅಲ್ಲಿಂದ ಇಲ್ಲಿಯವರೆಗೆ ನಮ್ಮ ಮನೆಯಲ್ಲಿ ಏನೇನು ಮಾಡಿ ನೋಡಿದೆವು, ಯಾವುದು ನಡೆಯಿತು, ಯಾವುದು ಕೈಕೊಟ್ಟಿತು, ಕುರ್‌ಆನ್ ಹದೀಸಿನಲ್ಲಿ (ಪ್ರವಾದಿ ಮುಹಮ್ಮದರ ನುಡಿ ನಡೆಗಳ ವರದಿ) ಅದಕ್ಕೆ ಏನು ದಾರಿ ಸಿಕ್ಕಿತು ಅಂತ ಇಲ್ಲಿ ಬರೆಯುತ್ತಿದ್ದೇನೆ. ನಾನು ಧರ್ಮ ಕಲಿತ ಪಂಡಿತೆ ಅಲ್ಲ, ಬರೀ ತಾಯಿ. ಮಸ್‌ಅಲ (ಧರ್ಮದ ವಿಧಿ) ಬೇಕಿದ್ದರೆ ನಿಮ್ಮ ಉಸ್ತಾದರನ್ನೇ (ಮದ್ರಸದ ಗುರುಗಳನ್ನೇ) ಕೇಳಿ. ಹೆಸರಿನ ಮುಂದೆ ಬರುವ (ಸ), (ರ), (ಅ) ಗೌರವದ ಪ್ರಾರ್ಥನೆಯ ಗುರುತುಗಳು.

ಹೆಜ್ಜೆ 1: ಮೊದಲು ಆ ಪದವನ್ನು ನೀವು ಸರಿಮಾಡಿಕೊಳ್ಳಿ

ಸಬ್ರ್ ಅಂದರೆ ಸಹನೆ, ತಾಳ್ಮೆ. ಆದರೆ ನಮ್ಮ ಮನೆಗಳಲ್ಲಿ "ಸಬ್ರ್ ಮಾಡು" ಅಂದರೆ ಹೆಚ್ಚುಕಡಿಮೆ "ಬಾಯಿ ಮುಚ್ಚು" ಅಂತಲೇ ಅರ್ಥ. ಐಸ್‌ಕ್ರೀಂ ಕೇಳಿದರೂ ಸಬ್ರ್, ತಮ್ಮ ಹೊಡೆದ ಅಂತ ದೂರು ತಂದರೂ ಸಬ್ರ್. ಹಾಗಾಗಿ ಮಗುವಿನ ಕಿವಿಗೆ ಅದು ಬೈಗುಳದ ಹಾಗೇ ಕೇಳಿಸುತ್ತದೆ. ಅರಬಿಯಲ್ಲಿ ಈ ಪದದ ಬೇರಿನಲ್ಲಿ ಇರುವುದು ಬಿಗಿಹಿಡಿದು ನಿಲ್ಲಿಸುವುದು ಎಂಬ ಅರ್ಥ. ಓಡಿಹೋಗಲು ನೋಡುವ ಕರುವನ್ನು ಹಗ್ಗ ಹಿಡಿದು ನಿಲ್ಲಿಸುತ್ತೇವಲ್ಲ, ಹಾಗೆ. ಅದು ಸುಮ್ನೆ ಕೂರುವ ಕೆಲಸ ಅಲ್ಲ, ಮೈಬೆವರುವ ಕೆಲಸ. ಕುರ್‌ಆನ್ (2:153, ಅಂದರೆ ಅಧ್ಯಾಯ 2, ವಚನ 153) ಸಹನೆ ಮತ್ತು ನಮಾಜಿನ ಮೂಲಕ ಸಹಾಯ ಬೇಡಿ ಅನ್ನುವಾಗ ಎರಡನ್ನೂ ಒಟ್ಟಿಗೇ ಹೇಳುತ್ತದೆ. ಎರಡೂ ಎದ್ದು ಮಾಡಬೇಕಾದವು.

ಇನ್ನೊಂದು ವಿಷಯ ನನಗೆ ತುಂಬಾ ಧೈರ್ಯ ಕೊಟ್ಟಿತು. ಬುಖಾರಿ, ಮುಸ್ಲಿಂ ಎಂಬ ಎರಡೂ ಹದೀಸ್ ಸಂಗ್ರಹಗಳಲ್ಲಿ ಇರುವ ಹದೀಸ್: ಯಾರು ಸಹನೆ ತಂದುಕೊಳ್ಳಲು ಪ್ರಯತ್ನ ಪಡುತ್ತಾರೋ ಅವರಿಗೆ ಅಲ್ಲಾಹನು ಸಹನೆ ಕೊಡುತ್ತಾನೆ. ಅಂದರೆ ಇದು ಕೆಲವರಿಗೆ ಹುಟ್ಟಿನಿಂದ ಬಂದು ಕೆಲವರಿಗೆ ಬಾರದ ಗುಣವಲ್ಲ. ಸೈಕಲ್ ಕಲಿತ ಹಾಗೆ, ಬಿದ್ದು ಎದ್ದು ಕಲಿಯುವಂಥದ್ದು. "ಇವನಿಗೆ ತಾಳ್ಮೆಯೇ ಇಲ್ಲ, ಅವನ ಬಾಪನ ಹಾಗೇ" ಅಂತ ಮಗುವಿನ ಎದುರಲ್ಲೇ ನೆಂಟರಿಗೆ ಹೇಳುವುದನ್ನು ಇವತ್ತೇ ನಿಲ್ಲಿಸಿ. ಬಾಪನಿಗೂ ಬೇಜಾರಾಗುತ್ತದೆ.

ಹೆಜ್ಜೆ 2: ಮಗುವಿನ ದಿನವನ್ನು ಒಂದು ಕಾಗದದಲ್ಲಿ ಬರೆದು ನೋಡಿ

ನಮ್ಮ ಕರಾವಳಿಯ ಮಗುವಿನ ದಿನ ಹೀಗಿರುತ್ತದೆ. ಬೆಳಕು ಹರಿಯುವಾಗಲೇ ಮದ್ರಸ. ಅಲ್ಲಿಂದ ಓಡಿ ಬಂದು ಅರ್ಧ ದೋಸೆ ಬಾಯಿಗೆ ತುರುಕಿಕೊಂಡು ಶಾಲೆ. ಸಂಜೆ ಬಂದರೆ ಟ್ಯೂಷನ್, ಮಗ್ರಿಬ್ ಕಳೆದ ಮೇಲೆ ಹೋಂವರ್ಕ್. ಮನೆಯಲ್ಲಿ ಬ್ಯಾರಿ, ಅಂಗಡಿಯಲ್ಲಿ ತುಳು, ಶಾಲೆಯಲ್ಲಿ ಕನ್ನಡ ಇಂಗ್ಲಿಷು, ಮದ್ರಸದಲ್ಲಿ ಅರಬಿ, ಎಷ್ಟೋ ಕಡೆ ಅರಬಿ ಲಿಪಿಯಲ್ಲಿ ಬರೆದ ಮಲಯಾಳಂ ಕೂಡ. ಎಂಟು ವರ್ಷದ ತಲೆಗೆ ಇಷ್ಟು ಭಾಷೆ. ರಾತ್ರಿ ಎಂಟಕ್ಕೆ ಆ ಮಗು ಐವತ್ತನಾಲ್ಕು ಅಂದರೆ ಅದು ತಾಳ್ಮೆಯ ಕೊರತೆ ಅಲ್ಲ, ನಿದ್ದೆಯ ಕೊರತೆ.

ನಾನು ಬರೆದು ನೋಡಿದಾಗ ಗೊತ್ತಾಯಿತು, ಮಗಳು ಅಳುತ್ತಿದ್ದದ್ದು ಯಾವಾಗಲೂ ಒಂದೇ ಹೊತ್ತಿನಲ್ಲಿ. ಮಗ್ಗಿಯನ್ನು ಅಲ್ಲಿಂದ ಎತ್ತಿ ಸಂಜೆ ಚಹಾದ ಹೊತ್ತಿಗೆ ಹಾಕಿದೆ. ಎರಡು ಬಿಸ್ಕತ್ತು ಹೊಟ್ಟೆಗೆ ಬಿದ್ದ ಮೇಲೆ ಅರ್ಧ ಜಗಳ ಕಮ್ಮಿ.

ಇಬ್ನು ಮಸ್‌ಊದ್ (ರ) ಎಂಬ ಸಹಾಬಿ, ಅಂದರೆ ಪ್ರವಾದಿಯವರ ಸಂಗಾತಿ, ಜನರಿಗೆ ಗುರುವಾರ ಮಾತ್ರ ಉಪದೇಶ ಮಾಡುತ್ತಿದ್ದರು. ದಿನಾಲೂ ಹೇಳಿ ಅಂತ ಒಬ್ಬರು ಕೇಳಿಕೊಂಡಾಗ ಒಪ್ಪಲಿಲ್ಲ. ನಮಗೆ ಬೇಸರ ಬರಬಾರದು ಅಂತ ಪ್ರವಾದಿಯವರು (ಸ) ಹೊತ್ತು ನೋಡಿ ಉಪದೇಶ ಮಾಡುತ್ತಿದ್ದರು, ನಾನೂ ಹಾಗೇ ಮಾಡುತ್ತೇನೆ ಅಂದರು. ಪ್ರವಾದಿಯವರ ಉಪದೇಶ ಕೇಳುತ್ತಿದ್ದವರು ದೊಡ್ಡವರು, ಸಹಾಬಿಗಳು! ಅವರಿಗೇ ಬೇಸರದ ಲೆಕ್ಕ ಇಟ್ಟಿದ್ದರು. ನಾವು ಎಂಟು ವರ್ಷದವಳನ್ನು ಒಂದೇ ಸಮ ಎರಡು ಗಂಟೆ ಕೂರಿಸುತ್ತೇವೆ.

ಹೆಜ್ಜೆ 3: ತುಂಡು ಮಾಡಿ, ಇನ್ನೂ ಸಣ್ಣ ತುಂಡು ಮಾಡಿ

ಇದೇ ನಿಜವಾದ ಕೆಲಸ, ಉಳಿದದ್ದೆಲ್ಲ ಇದರ ಸುತ್ತ.

ಕುರ್‌ಆನ್ ಒಂದೇ ಸಲ ಇಳಿದು ಬಂದದ್ದಲ್ಲ. ಸುಮಾರು 23 ವರ್ಷ ಹಿಡಿಯಿತು. ಯಾಕೆ ಎಲ್ಲವೂ ಒಟ್ಟಿಗೆ ಬರಲಿಲ್ಲ ಅಂತ ಒಪ್ಪದವರು ಕೇಳಿದರು, ಅದಕ್ಕೆ ಕುರ್‌ಆನಿನಲ್ಲೇ (25:32) ಉತ್ತರ ಇದೆ: ನಿನ್ನ ಹೃದಯವನ್ನು ಗಟ್ಟಿ ಮಾಡಲು. "ನನ್ನ ಜ್ಞಾನ ಹೆಚ್ಚಿಸು" ಎಂದು ನಾವು ಮಕ್ಕಳಿಗೆ ಬಾಯಿಪಾಠ ಮಾಡಿಸುವ "ರಬ್ಬಿ ಝಿದ್‌ನೀ ಇಲ್ಮಾ" ಇದೆಯಲ್ಲ, ಅದು 20:114ರ ಕೊನೆಯ ತುಣುಕು. ಅದರ ಹಿಂದಿನ ಮಾತನ್ನು ನಾವು ಹೇಳಿಕೊಡುವುದೇ ಇಲ್ಲ. ವಹೀ (ದೇವವಾಣಿ) ಪೂರ್ತಿಯಾಗುವ ಮೊದಲು ಓದಲು ಅವಸರ ಮಾಡಬೇಡ ಅಂತ ಅಲ್ಲಿದೆ. ಅವಸರ ಬೇಡ, ಜ್ಞಾನ ಹೆಚ್ಚಿಸು ಅಂತ ಕೇಳು. ಎರಡೂ ಒಂದೇ ಆಯತ್‌ನಲ್ಲಿ (ವಚನದಲ್ಲಿ).

ಸಹಾಬಿಗಳು ಹತ್ತು ಆಯತ್ ಕಲಿತರೆ ಅದರ ಅರ್ಥ ತಿಳಿದು ಅದರಂತೆ ನಡೆಯುವವರೆಗೆ ಮುಂದಿನ ಹತ್ತಕ್ಕೆ ಹೋಗುತ್ತಿರಲಿಲ್ಲ ಅಂತ ಅವರಿಂದ ಕಲಿತವರು ಹೇಳಿದ್ದಾರೆ. ಅವರಿಗೆ ಹತ್ತಾದರೆ ನಮ್ಮ ಮಗುವಿಗೆ ಒಂದು ಸಾಕು.

ನಾನು ಮಾಡಿದ್ದು ಹೀಗೆ. ಏಳರ ಮಗ್ಗಿಯಲ್ಲಿ ಬರುವುದನ್ನೆಲ್ಲ ಬಿಟ್ಟು ಬಾರದ ಒಂದೇ ಸಾಲು ಹಿಡಿದೆ. ಏಳೆಂಟ್ಲ ಐವತ್ತಾರು. ಒಂದು ಚೀಟಿಯಲ್ಲಿ ಬರೆದು ಫ್ರಿಜ್ಜಿಗೆ ಅಂಟಿಸಿದೆ. ನೀರು ಕುಡಿಯಲು ಬಂದಾಗ ಒಂದು ಸಲ ಓದಬೇಕು, ಅಷ್ಟೇ. ಐದು, ಆರು, ಏಳು, ಎಂಟು ಅಂತ ಸಾಲಾಗಿ ಬರುತ್ತದೆ, ಐವತ್ತಾರು ಅಂದರೆ ಏಳೆಂಟ್ಲ ಅಂತ ಮೂರನೇ ದಿನ ಅವಳೇ ಕಂಡುಹಿಡಿದಳು. ನಾನು ಹೇಳಿಕೊಟ್ಟಿದ್ದರೆ ಮರೆತುಬಿಡುತ್ತಿದ್ದಳು, ಖಂಡಿತ.

ಹೊತ್ತಿನ ಲೆಕ್ಕಕ್ಕೆ ದೊಡ್ಡ ಶಾಸ್ತ್ರವೇನೂ ಬೇಡ. ನಮ್ಮ ಮನೆಯ ಅಂದಾಜು ಹೇಳುತ್ತೇನೆ: ಯುಕೆಜಿ ಮಗುವಿಗೆ ಐದಾರು ನಿಮಿಷ, ಮೂರನೇ ಕ್ಲಾಸಿಗೆ ಹದಿನೈದು, ಹೈಸ್ಕೂಲಿಗೆ ಅರ್ಧ ಗಂಟೆ, ಆಮೇಲೆ ಎದ್ದು ಓಡಾಡಲಿ. ಆದರೆ ದಿನಾಲೂ ಆಗಬೇಕು. ಅಲ್ಲಾಹನಿಗೆ ತುಂಬಾ ಇಷ್ಟವಾದ ಕೆಲಸ ಅಂದರೆ ಸ್ವಲ್ಪವೇ ಆದರೂ ಬಿಡದೆ ಮಾಡುವ ಕೆಲಸ ಅಂತ ಪ್ರವಾದಿಯವರು (ಸ) ಹೇಳಿದ್ದನ್ನು ಅವರ ಮಡದಿ ಆಯಿಶಾ (ರ) ತಿಳಿಸಿದ್ದಾರೆ. ಭಾನುವಾರ ಮೂರು ಗಂಟೆ ಕೂರಿಸಿ ವಾರವಿಡೀ ಬಿಡುವುದಕ್ಕಿಂತ ದಿನಾ ಹತ್ತು ನಿಮಿಷ ವಾಸಿ.

ಹೆಜ್ಜೆ 4: ಸಿಕ್ಕಿಹಾಕಿಕೊಂಡ ಆ ಒಂದು ನಿಮಿಷ

ಸಮಾಧಿಯೊಂದರ ಬಳಿ ಅಳುತ್ತಿದ್ದ ಹೆಂಗಸಿಗೆ ಪ್ರವಾದಿಯವರು (ಸ) ಸಹನೆ ತಂದುಕೋ ಅಂದಾಗ, ಯಾರೆಂದು ಗೊತ್ತಿಲ್ಲದೆ ಆಕೆ ಗದರಿಬಿಟ್ಟಳು. ಆಮೇಲೆ ಗೊತ್ತಾಗಿ ಓಡಿ ಬಂದಳು. ಆಗ ಅವರು ಹೇಳಿದ್ದು: ಸಹನೆ ಇರುವುದು ಮೊದಲ ಪೆಟ್ಟಿನ ಹೊತ್ತಿನಲ್ಲಿ. ಇದು ದೊಡ್ಡ ದುಃಖದ ಮಾತು, ಮಗ್ಗಿಗೆ ಹೋಲಿಸುವುದು ಸ್ವಲ್ಪ ಅತಿಯಾಯಿತೇನೋ. ಆದರೂ ಮಗುವಿಗೆ ತಪ್ಪು ಗೊತ್ತಾದ ಆ ಮೊದಲ ಕ್ಷಣ ಇದೆಯಲ್ಲ, ರಬ್ಬರಿನಿಂದ ಹಾಳೆ ಹರಿಯುವಷ್ಟು ಉಜ್ಜುವ ಕ್ಷಣ, ತಾಳ್ಮೆ ಕಲಿಸಲು ಸಿಗುವುದು ಅದೊಂದೇ ಜಾಗ. ಅರ್ಧ ಗಂಟೆ ಬಿಟ್ಟು ಕೊಡುವ ಉಪದೇಶ ನೀರಿನಲ್ಲಿ ಹೋಮ.

ಆಗ ಏನು ಮಾಡಬೇಕು?

ಮೊದಲು ನಿಮ್ಮ ಬಾಯಿ ಮುಚ್ಚಿ. ಇದು ತಮಾಷೆಗಲ್ಲ. ಹತ್ತು ಎಣಿಸಿ. ಆಮೇಲೆ ಪೆನ್ಸಿಲ್ ಕೆಳಗಿಡಲು ಹೇಳಿ, ಒಂದು ಲೋಟ ನೀರು ಕೊಡಿ. "ಬರಲ್ಲ" ಅಂದರೆ "ಬರುತ್ತೆ ಬರುತ್ತೆ" ಅಂತ ವಾದ ಮಾಡಬೇಡಿ. "ಎಲ್ಲಿಯವರೆಗೆ ಬಂತು, ತೋರಿಸು" ಅನ್ನಿ. ಮಗು ಬೆರಳಿಟ್ಟು ತೋರಿಸುವಾಗ ಅದಕ್ಕೇ ಗೊತ್ತಾಗುತ್ತದೆ, ಪೂರ್ತಿ ಬಾರದೆ ಇರುವುದಲ್ಲ, ಇಲ್ಲೊಂದು ಕಡೆ ಸಿಕ್ಕಿಕೊಂಡಿದೆ ಅಷ್ಟೇ. ಉತ್ತರ ಹೇಳಬೇಡಿ, ಅರ್ಧ ದಾರಿ ತೋರಿಸಿ. ಏಳೇಳ್ಲ ಎಷ್ಟು? ನಲವತ್ತೊಂಬತ್ತು. ಅದಕ್ಕೆ ಇನ್ನೊಂದು ಏಳು ಸೇರಿಸು. ಬೆರಳು ಮಡಚಿ ಎಣಿಸಲಿ, ಏನಾಯಿತೀಗ? ಹತ್ತು ಸೆಕೆಂಡು ಜಾಸ್ತಿ ಹೋಗುತ್ತದೆ.

ಹಾಗೇ ಒಂದು ದುಆ (ಪ್ರಾರ್ಥನೆ) ಅಭ್ಯಾಸ ಮಾಡಿಸಿ. ಈಜಿಪ್ಟಿನ ದೊರೆ ಫಿರ್‌ಔನನ ಎದುರು ಹೋಗಬೇಕಾದಾಗ ಪ್ರವಾದಿ ಮೂಸಾ (ಅ) ಕೇಳಿಕೊಂಡದ್ದು, "ರಬ್ಬಿಶ್‌ರಹ್ ಲೀ ಸದ್‌ರೀ" ಅಂತ ಶುರುವಾಗುತ್ತದೆ (20:25ರಿಂದ 28). ನನ್ನ ಎದೆ ಅಗಲ ಮಾಡು, ಕೆಲಸ ಸುಲಭ ಮಾಡು, ನಾಲಿಗೆಯ ಗಂಟು ಬಿಚ್ಚು ಅಂತ ಅರ್ಥ. ನಾಲಿಗೆಗೆ ಗಂಟು ಬೀಳುವುದು ನನಗೆ ಮಾತ್ರ ಅಲ್ಲ, ಒಬ್ಬ ಪ್ರವಾದಿಗೂ ಆ ಭಯ ಇತ್ತು ಅಂತ ತಿಳಿದಾಗ ಮಗುವಿನ ಮುಖ ನೋಡಬೇಕು ನೀವು.

ಮದ್ರಸದ ಪಾಠಕ್ಕೆ ಇನ್ನೂ ಒಳ್ಳೆಯ ಹದೀಸ್ ಇದೆ. ಕುರ್‌ಆನ್ ಚೆನ್ನಾಗಿ ಓದುವವರು ಮಲಕ್‌ಗಳ (ದೇವದೂತರ) ಜೊತೆ, ಆದರೆ ತಡವರಿಸುತ್ತಾ ಕಷ್ಟಪಟ್ಟು ಓದುವವರಿಗೆ ಎರಡು ಪ್ರತಿಫಲ. ಎರಡು! ಮಗಳಿಗೆ ಅಲ್‌ಹಮ್ದುವಿನ "ಹ" ಬರುತ್ತಿರಲಿಲ್ಲ, ನಮ್ಮ ಕನ್ನಡದ ಹ ಬಂದುಬಿಡುತ್ತಿತ್ತು. ಕನ್ನಡಕ ಒರೆಸುವ ಮೊದಲು ಗಾಜಿಗೆ ಬಿಸಿ ಉಸಿರು ಬಿಡುತ್ತೇವಲ್ಲ, ಆ ಜಾಗದಿಂದ ತಾ ಅಂತ ಉಸ್ತಾದ್ ಹೇಳಿಕೊಟ್ಟರು. ಅತ್ತೆಯ ಕನ್ನಡಕ ಎರಡು ವಾರ ಫಳಫಳ ಹೊಳೆಯಿತು.

ಹೆಜ್ಜೆ 5: ಕಥೆ ಹೇಳಿ, ಆದರೆ ನಿಧಾನಕ್ಕೆ

ತಾಳ್ಮೆಯ ಕಥೆ ಅಂದರೆ ನಮಗೆ ಕಷ್ಟ ಕಾಯಿಲೆ ಸಹಿಸಿದ ಪ್ರವಾದಿ ಅಯ್ಯೂಬ್ (ಅ) ನೆನಪಾಗುತ್ತಾರೆ. ಕಲಿಕೆಯ ವಿಷಯಕ್ಕೆ ಬಂದರೆ ನಾನು ಸೂರಾ ಕಹ್ಫ್‌ನ ಮೂಸಾ ಮತ್ತು ಅವರ ಗುರು ಖಿಳ್ರ್ ಕಥೆಯನ್ನೇ ಆರಿಸುತ್ತೇನೆ (18:60ರಿಂದ 82). ಯಾಕೆಂದರೆ ಇದರಲ್ಲಿ ಶಿಷ್ಯ ಮೂರು ಸಲ ಫೇಲ್ ಆಗುತ್ತಾನೆ.

ಇದನ್ನು ಒಂದೇ ರಾತ್ರಿ ಹೇಳಿ ಮುಗಿಸಬೇಡಿ, ಐದಾರು ರಾತ್ರಿ ಎಳೆಯಿರಿ. ಮೊದಲ ರಾತ್ರಿ ನಡಿಗೆ ಮಾತ್ರ. ಎರಡು ಸಮುದ್ರ ಸೇರುವ ಜಾಗ ಸಿಗುವವರೆಗೆ ಎಷ್ಟು ಕಾಲವಾದರೂ ನಡೆಯುತ್ತೇನೆ ಅಂತ ಮೂಸಾ (ಅ) ಹೊರಡುತ್ತಾರೆ. ಬುತ್ತಿಗೆ ಇಟ್ಟುಕೊಂಡ ಮೀನು ಸಮುದ್ರಕ್ಕೆ ಜಾರಿಹೋಗುತ್ತದೆ. ಜೊತೆಗಿದ್ದ ಹುಡುಗ ಹೇಳಲು ಮರೆಯುತ್ತಾನೆ. ಸುಸ್ತಾಗಿ ಊಟ ತಾ ಅಂದಾಗಲೇ ಗೊತ್ತಾಗುವುದು, ತಲುಪಬೇಕಾದ ಜಾಗ ದಾಟಿ ಬಂದುಬಿಟ್ಟಿದ್ದೇವೆ ಅಂತ. ಬಂದ ಹೆಜ್ಜೆ ಗುರುತು ಹಿಡಿದು ವಾಪಸ್ ನಡೆಯುತ್ತಾರೆ. ತಪ್ಪಿದ ಲೆಕ್ಕವನ್ನು ಮೊದಲ ಸಾಲಿನಿಂದ ನೋಡುವುದು ಇದೇ ಅಲ್ವಾ? ನಮ್ಮ ಮನೆಯಲ್ಲಿ ಈಗ ಅದಕ್ಕೆ "ಮೀನಿನ ಹತ್ತಿರ ಹೋಗೋದು" ಅಂತಲೇ ಹೆಸರು.

ಎರಡನೇ ರಾತ್ರಿ ಗುರುವಿನ ಷರತ್ತು: ನಾನಾಗಿ ಹೇಳುವವರೆಗೆ ಏನನ್ನೂ ಕೇಳಬಾರದು. ನಿನಗೆ ನನ್ನ ಜೊತೆ ತಾಳ್ಮೆಯಿಂದ ಇರಲು ಆಗದು ಅಂತ ಅವರು ಹೇಳಿ, ಕಾರಣವನ್ನೂ ಕೊಡುತ್ತಾರೆ: ನಿನಗೆ ತಿಳಿಯದ ವಿಷಯದಲ್ಲಿ ನೀನು ತಾಳುವುದಾದರೂ ಹೇಗೆ? ಈ ಸಾಲಿನಲ್ಲಿ ತಂದೆತಾಯಿಗೂ ಪಾಠ ಇದೆ. ಭಿನ್ನರಾಶಿ ಯಾಕೆ ಕಲಿಯಬೇಕು ಅಂತ ಗೊತ್ತಿಲ್ಲದ ಮಗು ಹೇಗೆ ತಾಳುತ್ತದೆ? ನಾನು ತುಪ್ಪದ ಡಬ್ಬಿ ತೆಗೆದು ಅರ್ಧ ಕಪ್, ಕಾಲು ಕಪ್ ಅಳೆಸಿದೆ. ಆಮೇಲೆ ಗುರು ಕೆಡಿಸಿದ ಹಡಗು, ಕೊಂದ ಹುಡುಗ, ಎತ್ತಿ ನಿಲ್ಲಿಸಿದ ಗೋಡೆ ಅಂತ ಒಂದೊಂದು ರಾತ್ರಿ. ಮೂರು ಸಲವೂ ಮೂಸಾ (ಅ) ತಾಳದೆ ಮಾತಾಡಿಬಿಡುತ್ತಾರೆ. ಹುಡುಗನ ಭಾಗ ಚಿಕ್ಕ ಮಕ್ಕಳಿಗೆ ಭಾರವಾಗುತ್ತದೆ, ಐದಾರು ವರ್ಷದವರಿಗೆ ನಾನು ಅದನ್ನು ಬಿಟ್ಟೇ ಹೇಳುತ್ತೇನೆ. ಮುಂದೇನಾಯಿತು ಅಂತ ಪೀಡಿಸುತ್ತಾರೆ. ನಾಳೆ ಅನ್ನಿ. ಆ ಕಾಯುವಿಕೆಯೂ ಪಾಠವೇ.

ಹೆಜ್ಜೆ 6: ಕಾಯುವುದನ್ನು ಬೇರೆಯಾಗಿ ಅಭ್ಯಾಸ ಮಾಡಿಸಿ

ಆಶೂರಾದ (ಮುಹರ್ರಮ್ ಹತ್ತರ) ಉಪವಾಸದ ದಿನ ಸಹಾಬಿಗಳು ಚಿಕ್ಕ ಮಕ್ಕಳಿಗೂ ಉಪವಾಸ ಹಿಡಿಸುತ್ತಿದ್ದರಂತೆ. ಮಗು ಊಟಕ್ಕೆ ಅತ್ತರೆ ಏನು ಮಾಡುತ್ತಿದ್ದರು ಅಂತ ರುಬಯ್ಯಿಅ್ (ರ) ಎಂಬ ಸಹಾಬಿ ಮಹಿಳೆ ಹೇಳಿದ್ದು ಬುಖಾರಿಯಲ್ಲಿದೆ: ಉಣ್ಣೆಯಿಂದ ಆಟಿಕೆ ಮಾಡಿ ಕೊಡುತ್ತಿದ್ದೆವು, ಇಫ್ತಾರ್ ಆಗುವವರೆಗೆ. ಇಷ್ಟು ಸಣ್ಣ ವಿವರ, ಎಷ್ಟು ದೊಡ್ಡ ಬುದ್ಧಿ ನೋಡಿ. ಸಬ್ರ್ ಬಗ್ಗೆ ಭಾಷಣ ಮಾಡಲಿಲ್ಲ. ಹೊತ್ತು ಕಳೆಯಲು ಕೈಗೊಂದು ವಸ್ತು ಕೊಟ್ಟರು. ಆಟಿಕೆಯನ್ನು ತಾಯಂದಿರೇ ಮಾಡಿದರು, ಅಂದರೆ ತಮ್ಮ ಹೊತ್ತನ್ನೂ ಕೊಟ್ಟರು.

ರಂಝಾನಿನಲ್ಲಿ ಮಗಳು ಅರ್ಧ ಉಪವಾಸ ಹಿಡಿಯುತ್ತಾಳೆ, ಲುಹರ್‌ವರೆಗೆ (ಮಧ್ಯಾಹ್ನದ ನಮಾಜಿನವರೆಗೆ). ಆ ಹೊತ್ತಿಗೆ ಹಳೆಯ ಉಲ್ಲನ್ ತುಂಡು, ಮಣಿ, ಸೂಜಿ ಅಂತ ಒಂದು ಡಬ್ಬಿ ಇಟ್ಟಿದ್ದೇನೆ. ಉಳಿದ ತಿಂಗಳುಗಳಲ್ಲಿ? ಬಸಳೆ ಬಳ್ಳಿ ನೆಡಿಸಿ. ಬಿರಿಯಾನಿ ದಮ್ ಆಗುವವರೆಗೆ ಮುಚ್ಚಳ ತೆಗೆಯದೆ ಕಾಯುವ ಡ್ಯೂಟಿ ಕೊಡಿ. ಹಲಸು ಹಣ್ಣಾಗಿದೆಯಾ ಅಂತ ದಿನಾ ತಟ್ಟಿ ನೋಡಲಿ. ಕಾದರೆ ಏನೋ ಸಿಗುತ್ತದೆ ಅಂತ ಒಮ್ಮೆ ಹೊಟ್ಟೆಗೆ ಗೊತ್ತಾದರೆ ತಲೆಗೂ ಹತ್ತುತ್ತದೆ.

ಮೊಬೈಲ್ ವಿಷಯ ಎಲ್ಲರಿಗೂ ಗೊತ್ತಿರುವುದೇ. ಹದಿನೈದು ಸೆಕೆಂಡಿನ ರೀಲ್ಸ್ ನೋಡಿ ಬಂದ ಕಣ್ಣಿಗೆ ಪಾಠಪುಸ್ತಕ ಕಲ್ಲಿನ ಹಾಗೆ ಕಾಣುತ್ತದೆ. ಓದುವ ಮೊದಲು ಕೊಡಬೇಡಿ, ಓದಿದ ಮೇಲೆ ಲಂಚವಾಗಿಯೂ ಕೊಡಬೇಡಿ. ಮತ್ತೆ ನಮ್ಮ ಕೈಯಲ್ಲೂ ಇರಬಾರದು. ಅದೇ ಕಷ್ಟ.

ಹೆಜ್ಜೆ 7: 5,475 ಸಲ ಹೇಳಲು ತಯಾರಾಗಿ

ಏಳು ವರ್ಷಕ್ಕೆ ಮಕ್ಕಳಿಗೆ ನಮಾಜ್ ಮಾಡಲು ಹೇಳಿ ಅಂತ ಹದೀಸ್ ಇದೆ, ಶಿಕ್ಷೆಯ ಮಾತು ಬರುವುದು ಹತ್ತಕ್ಕೆ. ಎಷ್ಟೋ ಜನ ಹತ್ತರ ಮಾತನ್ನು ಮಾತ್ರ ಗಟ್ಟಿಯಾಗಿ ಹಿಡಿದುಕೊಂಡು ಎಲ್ಲದಕ್ಕೂ ಬೆತ್ತ ಎತ್ತುತ್ತಾರೆ. ನಡುವಿನ ಮೂರು ವರ್ಷದ ಲೆಕ್ಕ ಮಾಡಿ ನೋಡಿ. ದಿನಕ್ಕೆ ಐದು ಹೊತ್ತು, ಮೂರು ವರ್ಷ, 5,475 ಸಲ ಬರೀ ಹೇಳುವುದು. ಹೋಂವರ್ಕಿಗೆ ಮೂರು ಸಲ ಹೇಳಿದ ಕೂಡಲೇ ನಮ್ಮ ಕೈ ಮೇಲೇಳುತ್ತದೆ.

ಅನಸ್ (ರ) ಹತ್ತು ವರ್ಷದ ಹುಡುಗನಾಗಿದ್ದಾಗ ಪ್ರವಾದಿಯವರ (ಸ) ಸೇವೆಗೆ ಬಂದವರು. ಹತ್ತು ವರ್ಷ ಜೊತೆಗಿದ್ದರೂ ಒಮ್ಮೆಯೂ ನನಗೆ "ಉಫ್" ಅನ್ನಲಿಲ್ಲ ಅಂತ ಅವರೇ ಹೇಳಿದ್ದಾರೆ. ಒಂದು ದಿನ ಕೆಲಸಕ್ಕೆ ಕಳಿಸಿದರೆ ಈ ಹುಡುಗ ಬೀದಿಯಲ್ಲಿ ಆಡುತ್ತಿದ್ದ ಮಕ್ಕಳ ಹತ್ತಿರ ನಿಂತುಬಿಟ್ಟ. ಹಿಂದಿನಿಂದ ಯಾರೋ ಕುತ್ತಿಗೆ ಹಿಡಿದರು. ತಿರುಗಿ ನೋಡಿದರೆ ಪ್ರವಾದಿಯವರು ನಗುತ್ತಿದ್ದಾರೆ. "ಉನೈಸ್, ನಾನು ಹೇಳಿದಲ್ಲಿಗೆ ಹೋದೆಯಾ?" ಪ್ರೀತಿಯಿಂದ ಹೆಸರನ್ನು ಪುಟ್ಟದು ಮಾಡಿ ಕರೆದದ್ದು ಅದು. ನಾನು ಈಗ ಸಿಟ್ಟು ಬಂದಾಗ ಮಗಳ ಪೂರ್ತಿ ಹೆಸರು ಕೂಗುವ ಬದಲು ಮುದ್ದು ಹೆಸರು ಕೂಗಲು ನೋಡುತ್ತೇನೆ. ಹತ್ತರಲ್ಲಿ ನಾಲ್ಕು ಸಲ ಆಗುತ್ತದೆ.

ಹೊಗಳುವುದಾದರೆ "ಜಾಣೆ" ಅನ್ನುವುದಕ್ಕಿಂತ "ಮೂರು ಸಲ ಅಳಿಸಿ ನಾಲ್ಕನೇ ಸಲ ಬರೆದೆಯಲ್ಲ" ಅನ್ನಿ. ಕಂಡದ್ದನ್ನೇ ಹೇಳಿ, ಸಾಕು.

ತಾಳ್ಮೆ ಉತ್ತರವಲ್ಲದ ಕಡೆ

ಇದನ್ನು ದಯವಿಟ್ಟು ಬಿಟ್ಟು ಓದಬೇಡಿ. ಆರು ತಿಂಗಳಾದರೂ ಅಕ್ಷರ ತಿರುವುಮುರುವು ಮಾಡುತ್ತಿದ್ದರೆ, ಬೋರ್ಡ್ ನೋಡುವಾಗ ಕಣ್ಣು ಕಿರಿದು ಮಾಡಿದರೆ, ಹಿಂದಿನಿಂದ ಕರೆದರೆ ತಿರುಗದಿದ್ದರೆ, ಅದು ಸಬ್ರ್‌ನ ವಿಷಯ ಅಲ್ಲ. ಕಣ್ಣು, ಕಿವಿ ತೋರಿಸಿ. ಓದುವುದರಲ್ಲೇ ತೊಡಕು ಇದೆಯಾ ಅಂತ ಮಕ್ಕಳ ಡಾಕ್ಟರನ್ನು ಕೇಳಿ. ಸರ್ಕಾರಿ ಶಾಲೆ, ಅಂಗನವಾಡಿಗಳಿಗೆ ಆರ್‌ಬಿಎಸ್‌ಕೆ (ಸರ್ಕಾರದ ಮಕ್ಕಳ ಆರೋಗ್ಯ ಯೋಜನೆ) ತಂಡ ತಪಾಸಣೆಗೆ ಬರುತ್ತದೆ, ಆ ದಿನ ಮಗುವಿಗೆ ರಜೆ ಮಾಡಿಸಬೇಡಿ. ಯಾರೋ ಹೊಡೆಯುತ್ತಾರೆ, ಅವಮಾನ ಮಾಡುತ್ತಾರೆ ಅಂತ ಮಗು ಹೇಳಿದರೆ ಸಬ್ರ್ ಮಾಡು ಅನ್ನಲೇಬೇಡಿ, ಅದು ಶಾಲೆಯಾಗಲಿ ಮದ್ರಸವಾಗಲಿ. ನೀವೇ ಎದ್ದು ಹೋಗಿ ಮಾತಾಡಿ. ಒಂಟೆಯನ್ನು ಕಟ್ಟು, ಆಮೇಲೆ ಅಲ್ಲಾಹನ ಮೇಲೆ ಭರವಸೆ ಇಡು ಅಂತ ಹೇಳಿದ ಧರ್ಮ ನಮ್ಮದು. ಡಾಕ್ಟರ ಹತ್ತಿರ ಹೋಗುವುದೂ ಒಂಟೆ ಕಟ್ಟುವ ಕೆಲಸವೇ.

ಫೇಲ್ ಆದಾಗ

ಅಕ್ಕನ ಮಗ ಎಸ್ಸೆಸ್ಸೆಲ್ಸಿಯಲ್ಲಿ ಗಣಿತದಲ್ಲಿ ಫೇಲ್ ಆದ. ಮನೆ ಸಾವಿನ ಮನೆ ಆಯಿತು. ಟ್ಯೂಷನ್‌ಗೆ ಹಾಕಿದ್ದರೆ, ಕ್ರಿಕೆಟ್ ಬಿಡಿಸಿದ್ದರೆ, ಮದುವೆಗೆ ಹೋಗದಿದ್ದರೆ. ಮೂರು ದಿನ ಬರೀ "ಇದ್ದರೆ". ಮುಸ್ಲಿಂನಲ್ಲಿರುವ ಒಂದು ಹದೀಸ್ ಇದಕ್ಕೇ ಹೇಳಿಸಿದ ಹಾಗಿದೆ: ನಿನಗೆ ಒಳ್ಳೆಯದಾಗುವುದಕ್ಕೆ ಆಸೆಯಿಂದ ದುಡಿ, ಅಲ್ಲಾಹನ ಸಹಾಯ ಕೇಳು, ಕೈಚೆಲ್ಲಬೇಡ. ಏನಾದರೂ ಆದರೆ "ಹೀಗೆ ಮಾಡಿದ್ದರೆ" ಅನ್ನಬೇಡ, ಆ ಮಾತು ಸೈತಾನನ ಕೆಲಸಕ್ಕೆ ಬಾಗಿಲು ತೆರೆಯುತ್ತದೆ.

ಹಾಗಂತ ತಪ್ಪು ಎಲ್ಲಿ ಅಂತ ನೋಡಬಾರದು ಅಂತಲ್ಲ. ಮೊದಲ ದಿನ ಊಟ ಹಾಕಿ, ನಿದ್ದೆ ಮಾಡಲು ಬಿಡಿ. ಎರಡನೇ ದಿನ ಯಾವ ಪಾಠದಲ್ಲಿ ಎಷ್ಟು ಹೋಯಿತು ಅಂತ ಕೂತು ಬರೆಯಿರಿ. ಮೂರನೇ ದಿನ ಮುಂದಿನ ಪರೀಕ್ಷೆಯ ತಾರೀಕು ಕ್ಯಾಲೆಂಡರಿನಲ್ಲಿ ಗುರುತು ಮಾಡಿ. ಎಸ್ಸೆಸ್ಸೆಲ್ಸಿಯನ್ನು ಅದೇ ವರ್ಷ ಮತ್ತೆ ಬರೆಯಬಹುದು, ವರ್ಷ ಹಾಳಾಯಿತು ಅಂತ ಅಳುವ ಕಾಲ ಹೋಯಿತು. ಅವನು ಎರಡನೇ ಸಲವೂ ಫೇಲ್ ಆದ, ಮೂರನೇ ಸಲ ಪಾಸಾದ. ಅಕ್ಕ ಬೀದಿಗೆಲ್ಲ ಹಲ್ವ ಹಂಚಿದಳು. ಮಾರ್ಕ್ ಎಷ್ಟು ಅಂತ ಕೇಳಿದವರಿಗೆ ಹಲ್ವ ಇನ್ನೊಂದು ತುಂಡು ಕೊಟ್ಟು ಕಳಿಸಿದಳು.

ಇನ್ನು ನಮ್ಮ ಮನೆಯಲ್ಲಿ ಈಗ ಹದಿಮೂರರ ಮಗ್ಗಿ ನಡೆಯುತ್ತಿದೆ. ಫ್ರಿಜ್ಜಿನ ಮೇಲಿನ ಚೀಟಿಯಲ್ಲಿ ಹದಿಮೂರೇಳ್ಲ ತೊಂಬತ್ತೊಂದು. ಮೊನ್ನೆ ಗ್ಯಾಸ್ ಲೈಟರ್ ಹತ್ತದೆ ನಾನು ಗೊಣಗುತ್ತಿದ್ದಾಗ ಮಗಳು ಬಂದು ಒಂದು ಲೋಟ ನೀರು ಎದುರಿಗಿಟ್ಟು, "ಎಲ್ಲಿಯವರೆಗೆ ಬಂತು, ತೋರಿಸು" ಅಂದಳು.